ಕೂಸಿನ ಮಾತಿಗೆ ಕಿವಿಗೊಟ್ಟ ನ್ಯಾಯಾಧೀಶೆ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎಂಬ ಗಾದೆಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ, ಹೇಳಿಯೂ ಇದ್ದೀರಿ. ನಿಮ್ಮ ಬಂಧು ಬಳಗದಲ್ಲಿ ಒಂದು ಸಂಸಾರ ಒಡೆದಾಗ ಏನೇನು ನಡೆಯುತ್ತದೆ ಎಂದು ಸ್ವಲ್ಪ ನೆನಪಿಸಿಕೊಳ್ಳಿ. ಎರಡೂ ಕಡೆಯ ಹಿರಿಯರು ಸೇರುತ್ತಾರೆ. ಜಮಾಅತ್‌ನ ನಾಲ್ಕು ಮಂದಿ ಬಂದು ಕೂರುತ್ತಾರೆ. ಮಹ್ರ್, ಚಿನ್ನ, ಮದುವೆಗೆ ಕೊಟ್ಟ ಸಾಮಾನು, ಇದ್ದತ್ತಿನ ಖರ್ಚು ಎಲ್ಲದರ ಲೆಕ್ಕವೂ ಆಗುತ್ತದೆ. ಕೊನೆಗೆ ಮಗು ಯಾರ ಬಳಿ ಇರಬೇಕು ಎಂಬ ಮಾತು ಬರುತ್ತದೆ. ಅದೂ ಚಿನ್ನದ ಲೆಕ್ಕದಂತೆಯೇ ತೀರ್ಮಾನವಾಗಿಬಿಡುತ್ತದೆ. ಅಷ್ಟು ಹೊತ್ತೂ ಮಗು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿರುತ್ತದೆ. ‘ಮಗೂ, ನಿನ್ನ ಮನಸ್ಸಿನಲ್ಲಿ ಏನಿದೆ?’ ಎಂದು ಯಾರೂ ಅದನ್ನು ಕರೆದು ಕೇಳುವುದಿಲ್ಲ.

ಈ ಒಂದು ಪ್ರಶ್ನೆಯನ್ನು ನ್ಯಾಯಾಲಯದೊಳಗೆ ತಂದು ನಿಲ್ಲಿಸಿದವರಲ್ಲಿ ಇಂಗ್ಲೆಂಡಿನ ಒಬ್ಬ ಮಹಿಳೆಯ ಹೆಸರು ಮುಖ್ಯವಾದುದು. ಅವರು ಎಲಿಜಬೆತ್ ಬಟ್ಲರ್-ಸ್ಲಾಸ್. ಬ್ಯಾರಿಸ್ಟರ್ ಆಗಿ ವೃತ್ತಿ ಆರಂಭಿಸಿ, ಒಡೆದ ಸಂಸಾರಗಳ ಕಡತಗಳ ನಡುವೆ ದಶಕಗಳನ್ನು ಕಳೆದು, ಆ ದೇಶದ ಮೇಲ್ಮನವಿ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶರಾದವರು. ಅವರ ಬದುಕು ದೂರದ ದೇಶದ್ದಾದರೂ ಅವರು ಎದುರಿಸಿದ ಪ್ರಶ್ನೆಗಳು ನಿಮ್ಮ ಮನೆಯಂಗಳದವೇ ಎಂಬುದು ಓದುತ್ತಾ ಹೋದಂತೆ ನಿಮಗೆ ತಿಳಿಯುತ್ತದೆ.

ಕಾನೂನಿನ ಮನೆಯಲ್ಲಿ ಹುಟ್ಟಿದವರು

ಎಲಿಜಬೆತ್ ಹುಟ್ಟಿದ್ದು 1933ರ ಆಗಸ್ಟ್ 10ರಂದು. ತವರಿನ ಮನೆತನದ ಹೆಸರು ಹೇವರ್ಸ್. ತಂದೆ ಸರ್ ಸೆಸಿಲ್ ಹೇವರ್ಸ್ ಹೈಕೋರ್ಟ್ ನ್ಯಾಯಾಧೀಶರು. ಅಣ್ಣ ಮೈಕೆಲ್ ಹೇವರ್ಸ್ ಮುಂದೆ ಅಟಾರ್ನಿ ಜನರಲ್ ಆಗಿ, 1987ರಲ್ಲಿ ಸ್ವಲ್ಪ ಕಾಲ ಲಾರ್ಡ್ ಚಾನ್ಸಲರ್ ಕೂಡಾ ಆದವರು. ಅಂದರೆ ಊಟದ ಮೇಜಿನಲ್ಲೇ ಕಾನೂನಿನ ಮಾತು ಕೇಳಿ ಬೆಳೆದ ಹುಡುಗಿ. ಆದರೆ ಆಕೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿ ಪದವಿ ಪಡೆಯಲಿಲ್ಲ. ಶಾಲೆ ಮುಗಿಸಿ, ವಕೀಲಿಕೆಯ ಪರೀಕ್ಷೆ ಬರೆದು, 1955ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು. ಗಾಂಧೀಜಿ 1891ರಲ್ಲಿ ಬ್ಯಾರಿಸ್ಟರ್ ಆದದ್ದೂ ಇದೇ ಸಂಸ್ಥೆಯಿಂದ.

ಅಲ್ಲಿ ವಕೀಲರಲ್ಲಿ ಎರಡು ಬಗೆಯಿದೆ. ಕಕ್ಷಿದಾರನನ್ನು ಮೊದಲು ಕಂಡು ಕಾಗದಪತ್ರ ಸಿದ್ಧಪಡಿಸುವವರು ಸಾಲಿಸಿಟರ್. ಮೇಲಿನ ನ್ಯಾಯಾಲಯಗಳಲ್ಲಿ ಎದ್ದು ನಿಂತು ವಾದಿಸುವವರು ಬ್ಯಾರಿಸ್ಟರ್. ಮಹಿಳೆಯರಿಗೆ ಈ ವೃತ್ತಿಯ ಬಾಗಿಲು ತೆರೆದದ್ದೇ 1919ರ ಕಾಯ್ದೆಯ ನಂತರ. ಇಂಗ್ಲೆಂಡಿನ ಮೊದಲ ಮಹಿಳಾ ಬ್ಯಾರಿಸ್ಟರ್ ಐವಿ ವಿಲಿಯಮ್ಸ್ ಆ ಪದವಿ ಪಡೆದದ್ದು 1922ರಲ್ಲಿ. ಎಲಿಜಬೆತ್ ಕಪ್ಪು ಗೌನು ತೊಡುವ ಹೊತ್ತಿಗೆ ಮೂರು ದಶಕ ಕಳೆದಿದ್ದರೂ ಹೈಕೋರ್ಟಿನ ಪೀಠದಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ.

ಆಕೆ ಬ್ಯಾರಿಸ್ಟರ್ ಆದ 1955ರಲ್ಲೇ ಅವರ ತಂದೆಯ ಮುಂದೆ ರೂತ್ ಎಲ್ಲಿಸ್ ಎಂಬ ಯುವತಿಯ ಕೊಲೆ ಮೊಕದ್ದಮೆ ಬಂತು. ತನ್ನನ್ನು ಹಿಂಸಿಸುತ್ತಿದ್ದ ಪ್ರಿಯಕರನನ್ನು ಗುಂಡಿಟ್ಟು ಕೊಂದವಳು ಅವಳು. ಕೊಲೆಗೆ ಅಂದಿನ ಕಾನೂನಿನಲ್ಲಿ ಮರಣದಂಡನೆಯೇ ಕಡ್ಡಾಯ. ತಂದೆ ಅದನ್ನೇ ವಿಧಿಸಬೇಕಾಯಿತು. ಬ್ರಿಟನ್‌ನಲ್ಲಿ ಗಲ್ಲಿಗೇರಿದ ಕೊನೆಯ ಮಹಿಳೆ ಅವಳೇ. ಹೆಣ್ಣೊಬ್ಬಳು ಮನೆಯೊಳಗೆ ತಿಂದ ಪೆಟ್ಟಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲದಿದ್ದ ಕಾಲವದು. ನಲವತ್ತೈದು ವರ್ಷಗಳ ನಂತರ ಅದೇ ವಿಷಯದಲ್ಲಿ ಮಗಳು ಏನು ತೀರ್ಪು ಕೊಟ್ಟರು ಎಂಬುದನ್ನು ಮುಂದೆ ನೋಡೋಣ.

ಒಡೆದ ಸಂಸಾರಗಳ ಕಡತ

1958ರಲ್ಲಿ ಎಲಿಜಬೆತ್ ಬ್ಯಾರಿಸ್ಟರ್ ಜೋಸೆಫ್ ಬಟ್ಲರ್-ಸ್ಲಾಸ್ ಅವರನ್ನು ಮದುವೆಯಾದರು. 1959ರಲ್ಲಿ ಲಂಡನ್ನಿನ ವಾಕ್ಸ್‌ಹಾಲ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತರು. ಮತ್ತೆ ರಾಜಕೀಯದತ್ತ ತಿರುಗದೆ ವಕೀಲಿಕೆಯಲ್ಲೇ ನಿಂತರು. ಮೂವರು ಮಕ್ಕಳನ್ನು ಬೆಳೆಸುತ್ತಲೇ ಹದಿನೈದು ವರ್ಷ ವಾದ ಮಾಡಿದರು. ಮನೆಯಲ್ಲಿ ಮಗುವಿಗೆ ಜ್ವರ, ಕೋರ್ಟಿನಲ್ಲಿ ಮೊಕದ್ದಮೆ ಎಂಬ ಪಜೀತಿ ಏನೆಂದು ಉದ್ಯೋಗಕ್ಕೆ ಹೋಗುವ ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ.

ಅಂದು ಇಂಗ್ಲೆಂಡಿನಲ್ಲಿ ವಿಚ್ಛೇದನದ ಮೊಕದ್ದಮೆಗಳು ಹೋಗುತ್ತಿದ್ದುದು ಒಂದು ವಿಚಿತ್ರ ನ್ಯಾಯಾಲಯಕ್ಕೆ. ಉಯಿಲು, ವಿಚ್ಛೇದನ ಮತ್ತು ಹಡಗು ಈ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ವಿಭಾಗವದು. ಸತ್ತವರ ಆಸ್ತಿ, ಮುರಿದ ಮದುವೆ, ಮುಳುಗಿದ ಹಡಗು ಎಲ್ಲವೂ ಒಂದೇ ಸೂರಿನಡಿ! 1971ರಲ್ಲಿ ಹಡಗನ್ನು ಬೇರೆಡೆಗೆ ಕಳಿಸಿ, ಹೈಕೋರ್ಟಿನಲ್ಲಿ ಕುಟುಂಬ ವಿಭಾಗ ಎಂಬುದನ್ನು ರಚಿಸಿದರು. ಅದೇ ವರ್ಷ ಹೊಸ ವಿಚ್ಛೇದನ ಕಾಯ್ದೆಯೂ ಜಾರಿಗೆ ಬಂದು ಅರ್ಜಿಗಳ ಸಂಖ್ಯೆ ಏರತೊಡಗಿತು.

ಎಲಿಜಬೆತ್ 1970ರಲ್ಲಿ ಈ ನ್ಯಾಯಾಲಯದ ರಿಜಿಸ್ಟ್ರಾರ್ ಆಗಿ ನೇಮಕಗೊಂಡರು. ಅಲ್ಲಿ ರಿಜಿಸ್ಟ್ರಾರ್ ಎಂದರೆ ಕಾಗದಕ್ಕೆ ಮೊಹರು ಒತ್ತುವ ಗುಮಾಸ್ತರಲ್ಲ, ಕೆಳಹಂತದ ನ್ಯಾಯಾಧೀಶರೇ. ಮನೆ ಯಾರಿಗೆ, ತಿಂಗಳ ಖರ್ಚಿಗೆ ಎಷ್ಟು, ಶಾಲೆಯ ಶುಲ್ಕ ಯಾರು ಕಟ್ಟಬೇಕು ಎಂಬಂಥ ದಿನನಿತ್ಯದ ಪ್ರಶ್ನೆಗಳನ್ನು ಬಗೆಹರಿಸುವವರು. ಪತ್ರಿಕೆಗಳಲ್ಲಿ ಸುದ್ದಿಯಾಗದ, ಆದರೆ ಒಬ್ಬ ಹೆಣ್ಣುಮಗಳ ಮುಂದಿನ ಬದುಕೆಲ್ಲವನ್ನೂ ನಿರ್ಧರಿಸುವ ಕೆಲಸ. ಒಂಬತ್ತು ವರ್ಷ ಅದನ್ನು ಮಾಡಿದರು. 1979ರಲ್ಲಿ ಹೈಕೋರ್ಟಿನ ಕುಟುಂಬ ವಿಭಾಗದ ನ್ಯಾಯಾಧೀಶರಾದರು. ಎಲಿಜಬೆತ್ ಲೇನ್, ರೋಸ್ ಹೈಲ್‌ಬ್ರಾನ್, ಮಾರ್ಗರೆಟ್ ಬೂತ್ ಇವರ ನಂತರ ಆ ಪೀಠವೇರಿದ ನಾಲ್ಕನೆಯ ಮಹಿಳೆ ಅವರು.

ಕ್ಲೀವ್‌ಲ್ಯಾಂಡಿನ 121 ಮಕ್ಕಳು

ಅವರ ಹೆಸರು ದೇಶದ ಮನೆಮನೆಗೂ ತಲುಪಿದ್ದು 1987ರಲ್ಲಿ. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಆಗ ಕ್ಲೀವ್‌ಲ್ಯಾಂಡ್ ಎಂಬ ಜಿಲ್ಲೆಯಿತ್ತು. ಅಲ್ಲಿನ ಮಿಡ್ಲ್ಸ್‌ಬರೋ ಆಸ್ಪತ್ರೆಯ ಇಬ್ಬರು ಮಕ್ಕಳ ತಜ್ಞರು ಕೆಲವೇ ತಿಂಗಳಲ್ಲಿ 121 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಹೇಳಿದರು. ಬಹುಪಾಲು ಸಂದರ್ಭಗಳಲ್ಲಿ ಅವರು ಆಧಾರವಾಗಿಟ್ಟುಕೊಂಡದ್ದು ಒಂದು ದೈಹಿಕ ಲಕ್ಷಣವನ್ನು. ಅದು ದೌರ್ಜನ್ಯದ ಗುರುತೇ ಹೌದೋ ಅಲ್ಲವೋ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿರಲಿಲ್ಲ.

ಆಮೇಲೆ ನಡೆದದ್ದನ್ನು ಊಹಿಸಿಕೊಳ್ಳಿ. ಬೇರೇನೋ ಕಾಯಿಲೆಗೆಂದು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ತಾಯಿ ಮಗುವಿಲ್ಲದೆ ಮನೆಗೆ ಮರಳುತ್ತಾಳೆ. ಸಮಾಜಸೇವಾ ಇಲಾಖೆಯವರು ಮ್ಯಾಜಿಸ್ಟ್ರೇಟರಿಂದ ಆದೇಶ ತಂದು ಮಕ್ಕಳನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಅಂಥ ಒಂದು ಆದೇಶಕ್ಕೆ 28 ದಿನಗಳವರೆಗೆ ಅಯುಸ್ಸು. ವಾರ್ಡುಗಳು ತುಂಬಿ ತುಳುಕುತ್ತವೆ. ಪೊಲೀಸರಿಗೂ ವೈದ್ಯರಿಗೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ತಂದೆ ತಾಯಿಯರು ಬೀದಿಗಿಳಿಯುತ್ತಾರೆ, ಪತ್ರಿಕೆಗಳು ಕೂಗೆಬ್ಬಿಸುತ್ತವೆ, ಪಾರ್ಲಿಮೆಂಟಿನಲ್ಲಿ ಗದ್ದಲವಾಗುತ್ತದೆ. ಈ ಎಲ್ಲ ಕೋಲಾಹಲದ ನಡುವೆ ಮಕ್ಕಳು ಮಾತ್ರ ಪರೀಕ್ಷೆಯ ಮೇಲೆ ಪರೀಕ್ಷೆ, ಪ್ರಶ್ನೆಯ ಮೇಲೆ ಪ್ರಶ್ನೆ ಎದುರಿಸುತ್ತಾ ಕಂಗಾಲಾಗಿ ಕುಳಿತಿದ್ದರು.

ಸರಕಾರ ಸಾರ್ವಜನಿಕ ವಿಚಾರಣೆಗೆ ಆದೇಶಿಸಿತು. ಅದರ ಅಧ್ಯಕ್ಷತೆ ವಹಿಸಿದ್ದು ಬಟ್ಲರ್-ಸ್ಲಾಸ್. ದೇಶ ಅವರಿಂದ ಬಯಸಿದ್ದು ಒಂದೇ ಮಾತಿನ ಉತ್ತರ. ತಪ್ಪು ವೈದ್ಯರದೋ, ತಂದೆ ತಾಯಿಯರದೋ? ಆದರೆ ಅವರ ವರದಿ ಯಾವ ಪಕ್ಷಕ್ಕೂ ಗೆಲುವು ಕೊಡಲಿಲ್ಲ. ಯಾವ ಮಗುವಿಗೆ ಏನಾಗಿತ್ತೆಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದು ಅವರು ಮೊದಲೇ ಗೆರೆ ಎಳೆದುಕೊಂಡರು. ವೈದ್ಯರು ಒಂದೇ ಲಕ್ಷಣದ ಮೇಲೆ ಅತಿಯಾದ ಖಾತರಿಯಿಂದ ಮಾತಾಡಿದ್ದನ್ನು ಟೀಕಿಸಿದರು. ಸಮಾಜಸೇವಾ ಇಲಾಖೆ ಅವಸರಪಟ್ಟದ್ದನ್ನೂ, ಪೊಲೀಸರು ಸಹಕರಿಸದೆ ದೂರ ಸರಿದದ್ದನ್ನೂ ಎತ್ತಿ ತೋರಿಸಿದರು. ಆದರೆ ‘ಇದೆಲ್ಲಾ ಕಟ್ಟುಕಥೆ’ ಎಂದು ಕೈತೊಳೆದುಕೊಳ್ಳಲು ಹೊರಟವರಿಗೂ ಅವರು ಅವಕಾಶ ಕೊಡಲಿಲ್ಲ. ಮಕ್ಕಳ ಮೇಲೆ ಇಂಥ ದೌರ್ಜನ್ಯ ನಡೆಯುವುದು ನಿಜ, ಸಮಾಜ ಅದನ್ನು ಒಪ್ಪಿಕೊಳ್ಳಲೇಬೇಕು ಎಂದು ಸ್ಪಷ್ಟವಾಗಿ ಬರೆದರು.

1988ರ ಜುಲೈನಲ್ಲಿ ಪ್ರಕಟವಾದ ಆ ವರದಿಯ ತಿರುಳು ಇಷ್ಟು: ಮಗು ಒಬ್ಬ ವ್ಯಕ್ತಿ. ದೊಡ್ಡವರ ಕಾಳಜಿಗೆ ಒಳಗಾಗುವ ಒಂದು ವಸ್ತುವಲ್ಲ. ಮಗುವಿಗೆ ಏನಾಗುತ್ತಿದೆ ಎಂದು ಅದಕ್ಕೆ ಅರ್ಥವಾಗುವಂತೆ ಹೇಳಬೇಕು. ಅದರ ಮಾತನ್ನು ಗಂಭೀರವಾಗಿ ಕೇಳಬೇಕು. ಪದೇ ಪದೇ ದೇಹ ಪರೀಕ್ಷೆ ಮಾಡಬಾರದು. ಈಡೇರಿಸಲಾಗದ ಭರವಸೆಯನ್ನು ಮಗುವಿಗೆ ಕೊಡಬಾರದು.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ‘ನಾಳೆ ಅಬ್ಬ ಬರುತ್ತಾರೆ’, ‘ಮುಂದಿನ ವಾರ ಉಮ್ಮನ ಮನೆಗೆ ಹೋಗೋಣ’ ಎಂದು ಅಳುವ ಮಗುವಿಗೆ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಆ ನಾಳೆಯನ್ನು ನಂಬಿ ಕಿಟಕಿಯ ಬಳಿ ಕಾಯುವವರು ಅವರು.

ವರದಿಯಿಂದ ಕಾಯ್ದೆಗೆ

ಅನೇಕ ವರದಿಗಳಂತೆ ಇದು ಕಪಾಟು ಸೇರಲಿಲ್ಲ. ಮಕ್ಕಳ ಕಾನೂನನ್ನು ತಿದ್ದುವ ಕೆಲಸ ಆಗಲೇ ನಡೆದಿತ್ತು. ಕಾನೂನು ಆಯೋಗದಲ್ಲಿ ಅದನ್ನು ಮಾಡುತ್ತಿದ್ದವರಲ್ಲಿ ಪ್ರಮುಖರು ಬ್ರೆಂಡಾ ಹೇಲ್. ಕ್ಲೀವ್‌ಲ್ಯಾಂಡ್ ವರದಿ ಅದಕ್ಕೆ ಬಲ ಕೊಟ್ಟಿತು. 1989ರಲ್ಲಿ ಇಂಗ್ಲೆಂಡಿನ ಮಕ್ಕಳ ಕಾಯ್ದೆ ಅಂಗೀಕಾರವಾಗಿ 1991ರ ಅಕ್ಟೋಬರಿನಲ್ಲಿ ಜಾರಿಗೆ ಬಂತು.

ಈ ಕಾಯ್ದೆಯಿಂದ ಏನು ಬದಲಾಯಿತು? ಮಗುವನ್ನು 28 ದಿನ ಒಯ್ಯಬಹುದಾದ ಹಳೆಯ ಆದೇಶ ಹೋಯಿತು. ಅದರ ಜಾಗಕ್ಕೆ ಹೆಚ್ಚೆಂದರೆ 8 ದಿನಗಳ ತುರ್ತು ರಕ್ಷಣಾ ಆದೇಶ ಬಂತು. ಅದನ್ನು ಒಮ್ಮೆ ಮಾತ್ರ, 7 ದಿನ ವಿಸ್ತರಿಸಬಹುದು. ಆದೇಶವಾಗುವಾಗ ಹಾಜರಿಲ್ಲದ ತಂದೆ ತಾಯಿ 72 ಗಂಟೆಗಳ ನಂತರ ಅದನ್ನು ಪ್ರಶ್ನಿಸಬಹುದು ಎಂದಾಯಿತು. ಮಗುವಿನ ಮೇಲೆ ತಂದೆ ತಾಯಿಗೆ ‘ಹಕ್ಕು’ ಇದೆ ಎಂಬ ಮಾತಿನ ಬದಲು ‘ಹೊಣೆ’ ಇದೆ ಎಂಬ ಮಾತು ಕಾನೂನಿನಲ್ಲಿ ಮುಂದೆ ಬಂತು. ಮೊಕದ್ದಮೆ ಎಳೆದಷ್ಟೂ ಮಗುವಿಗೆ ಹಾನಿ ಎಂದು ಕಾಯ್ದೆಯೇ ಒಪ್ಪಿಕೊಂಡಿತು.

ಮಗುವಿನ ಕ್ಷೇಮವನ್ನು ಅಳೆಯಲು ನ್ಯಾಯಾಧೀಶರು ಗಮನಿಸಬೇಕಾದ ಅಂಶಗಳ ಪಟ್ಟಿಯೊಂದು ಆ ಕಾಯ್ದೆಯಲ್ಲಿದೆ. ಅದರ ಮೊದಲ ಸಾಲಿನಲ್ಲಿರುವುದು ತಂದೆಯ ಸಂಬಳವಲ್ಲ, ತಾಯಿಯ ಮನೆಯ ವಿಸ್ತಾರವೂ ಅಲ್ಲ. ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಪರಿಗಣಿಸಬೇಕಾದ ಮಗುವಿನ ಇಚ್ಛೆ ಮತ್ತು ಭಾವನೆ. ‘ವಯಸ್ಸಿಗೆ ತಕ್ಕಂತೆ’ ಎಂಬುದನ್ನು ಮರೆಯಬಾರದು. ಮಗು ಹೇಳಿದ್ದೇ ಅಂತಿಮ ಎಂದು ಅದರ ಅರ್ಥವಲ್ಲ. ಅಪ್ಪನೋ ಅಮ್ಮನೋ ಆರಿಸಿಕೋ ಎಂದು ಏಳು ವರ್ಷದ ಮಗುವಿನ ಹೆಗಲ ಮೇಲೆ ತೀರ್ಪಿನ ಭಾರ ಹೊರಿಸುವುದು ಕೂಡಾ ಕ್ರೌರ್ಯವೇ. ಕೇಳಬೇಕು, ತೀರ್ಮಾನದ ಹೊಣೆಯನ್ನು ದೊಡ್ಡವರೇ ಹೊರಬೇಕು.

‘ಲಾರ್ಡ್’ ಎಂದು ಕರೆಸಿಕೊಂಡ ಮಹಿಳೆ

1988ರಲ್ಲಿ ಬಟ್ಲರ್-ಸ್ಲಾಸ್ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. ಅಲ್ಲಿಗೆ ಹೋದ ಮೊದಲ ಮಹಿಳೆ. ಆಗ ಒಂದು ತಮಾಷೆಯ ತೊಡಕು ಎದುರಾಯಿತು. ಆ ನ್ಯಾಯಾಲಯದ ನ್ಯಾಯಾಧೀಶರಿಗೆ ಕಾಯ್ದೆಯಲ್ಲಿದ್ದ ಬಿರುದು ‘ಲಾರ್ಡ್ ಜಸ್ಟಿಸ್’ ಒಂದೇ. ಹೆಣ್ಣೊಬ್ಬಳು ಅಲ್ಲಿ ಬಂದು ಕೂರುವಳೆಂದು ಕಾಯ್ದೆ ಬರೆದವರು ನೆನೆಸಿರಲೇ ಇಲ್ಲ. ಹೀಗಾಗಿ ಮೂರು ಮಕ್ಕಳ ತಾಯಿ ಅಧಿಕೃತವಾಗಿ ‘ಲಾರ್ಡ್ ಜಸ್ಟಿಸ್ ಬಟ್ಲರ್-ಸ್ಲಾಸ್’ ಆದರು! 1994ರಲ್ಲಿ ಆ ನ್ಯಾಯಾಲಯದ ಮುಖ್ಯಸ್ಥರಾಗಿದ್ದ ಸರ್ ಥಾಮಸ್ ಬಿಂಗಮ್ ಅವರು ಇನ್ನು ಮುಂದೆ ‘ಲೇಡಿ ಜಸ್ಟಿಸ್’ ಎನ್ನಬೇಕೆಂದು ಸೂಚಿಸಿದರು. ಕಾಯ್ದೆಯಲ್ಲೇ ಪದ ಬದಲಾಗಲು 2003ರವರೆಗೆ ಕಾಯಬೇಕಾಯಿತು.

ಇದು ಬರೇ ಒಂದು ಪದದ ವಿಷಯ ಎನ್ನಬೇಡಿ. ಹೆಸರೇ ಇಲ್ಲದ ಜಾಗಕ್ಕೆ ಹೋಗಿ ಕೂರುವುದು ಸುಲಭವಲ್ಲ. ಹನ್ನೊಂದು ವರ್ಷ ಅವರು ಆ ನ್ಯಾಯಾಲಯದಲ್ಲಿ ಒಬ್ಬರೇ ಮಹಿಳೆಯಾಗಿದ್ದರು. 1999ರಲ್ಲಿ ಎರಡನೆಯವರಾಗಿ ಬಂದವರು ಅದೇ ಬ್ರೆಂಡಾ ಹೇಲ್. ಆ ವರ್ಷವೇ ಬಟ್ಲರ್-ಸ್ಲಾಸ್ ಹೈಕೋರ್ಟಿನ ಕುಟುಂಬ ವಿಭಾಗದ ಅಧ್ಯಕ್ಷರಾದರು. ಆ ಸ್ಥಾನಕ್ಕೂ ಅವರೇ ಮೊದಲ ಮಹಿಳೆ. ಹೇಲ್ 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಅಧ್ಯಕ್ಷರಾದರು. 2023ರಲ್ಲಿ ಸೂ ಕಾರ್ ಅವರು ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾದಾಗ ‘ಲೇಡಿ ಚೀಫ್ ಜಸ್ಟಿಸ್’ ಎಂಬ ಬಿರುದನ್ನೇ ಬಳಸಲಾಯಿತು. ನಮ್ಮ ದೇಶದಲ್ಲೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬಾಗಿಲು ತೆರೆದಿತ್ತು. ಕೇರಳದ ಎಂ. ಫಾತಿಮಾ ಬೀವಿಯವರು ಭಾರತದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶರಾದದ್ದು 1989ರ ಅಕ್ಟೋಬರಿನಲ್ಲಿ.

ಹೊಡೆಯುವ ತಂದೆ ಒಳ್ಳೆಯ ತಂದೆಯೇ?

‘ಅವನು ಹೆಂಡತಿಗೆ ಹೊಡೆಯುತ್ತಾನೆ, ನಿಜ. ಆದರೆ ಮಕ್ಕಳೆಂದರೆ ಪ್ರಾಣ.’ ಈ ಮಾತನ್ನು ನೀವು ಕೇಳಿಲ್ಲವೇ? ಇಂಗ್ಲೆಂಡಿನ ನ್ಯಾಯಾಲಯಗಳೂ ಬಹುಕಾಲ ಹೀಗೆಯೇ ಯೋಚಿಸುತ್ತಿದ್ದವು. ಗಂಡ ಹೆಂಡಿರ ನಡುವಿನ ಹೊಡೆತ ಬೇರೆ, ತಂದೆ ಮಕ್ಕಳ ಸಂಬಂಧ ಬೇರೆ ಎಂದು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ನೋಡುವುದು ರೂಢಿಯಾಗಿತ್ತು.

2000ದಲ್ಲಿ ಇಂಥ ನಾಲ್ಕು ಮೊಕದ್ದಮೆಗಳು ಒಟ್ಟಿಗೆ ಮೇಲ್ಮನವಿ ನ್ಯಾಯಾಲಯಕ್ಕೆ ಬಂದವು. ತಾಯಿಯ ಮೇಲೆ ಹಿಂಸೆ ನಡೆಸಿದ ಕಾರಣಕ್ಕೆ ಮಕ್ಕಳನ್ನು ನೇರವಾಗಿ ಭೇಟಿಯಾಗುವ ಅವಕಾಶ ಕಳೆದುಕೊಂಡ ನಾಲ್ವರು ತಂದೆಯರ ಮೇಲ್ಮನವಿಗಳವು. ಪೀಠದ ನೇತೃತ್ವ ಬಟ್ಲರ್-ಸ್ಲಾಸ್ ಅವರದು. ಅವರು ಇಬ್ಬರು ಮಕ್ಕಳ ಮನೋವೈದ್ಯರಿಂದ ವರದಿ ತರಿಸಿಕೊಂಡರು. ತಾಯಿ ಪೆಟ್ಟು ತಿನ್ನುವುದನ್ನು ನೋಡಿದ, ಕೇಳಿದ ಮಗುವಿನ ಮನಸ್ಸಿಗೂ ಆ ಪೆಟ್ಟು ಬೀಳುತ್ತದೆ ಎಂದು ತಜ್ಞರು ವಿವರಿಸಿದ್ದರು. ನಾಲ್ಕೂ ಮೇಲ್ಮನವಿಗಳು ವಜಾ ಆದವು. ಮಗುವಿನ ತಾಯಿಯನ್ನು ಹಿಂಸಿಸುವುದೆಂದರೆ ತಂದೆಯಾಗಿಯೇ ಸೋತಂತೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಹಾಗೆಂದು ಹೊಡೆದವನಿಗೆ ಮಗುವಿನ ಮುಖ ತೋರಿಸಲೇಬಾರದೆಂಬ ಕುರುಡು ನಿಯಮವನ್ನು ಅವರು ಮಾಡಲಿಲ್ಲ. ಮೊದಲು ಹಿಂಸೆ ನಡೆದಿದೆಯೇ ಎಂದು ವಿಚಾರಿಸಿ ನಿರ್ಧರಿಸಬೇಕು. ಅವನಿಗೆ ತನ್ನ ತಪ್ಪಿನ ಅರಿವಾಗಿದೆಯೇ, ಬದಲಾಗುವ ಪ್ರಾಮಾಣಿಕ ಪ್ರಯತ್ನವಿದೆಯೇ, ಮಗುವಿಗೂ ಅದನ್ನು ಸಾಕುವ ತಾಯಿಗೂ ಭೇಟಿಯಿಂದ ಅಪಾಯವಿದೆಯೇ ಎಂದು ನೋಡಬೇಕು. ಪ್ರತಿಯೊಂದು ಮಗುವಿನ ವಿಷಯವನ್ನೂ ಬೇರೆಯಾಗಿಯೇ ತೂಗಬೇಕು. ತಂದೆ ಕೊಟ್ಟ ಮರಣದಂಡನೆಯ ಕಾಲದಿಂದ ಮಗಳ ಈ ತೀರ್ಪಿನವರೆಗೆ ಕಾನೂನು ಎಷ್ಟು ದೂರ ನಡೆದಿದೆ ನೋಡಿ.

ಜನ ಮುನಿದ ತೀರ್ಪುಗಳು

ನ್ಯಾಯಾಧೀಶರ ಎಲ್ಲ ತೀರ್ಪುಗಳಿಗೂ ಚಪ್ಪಾಳೆ ಬೀಳುವುದಿಲ್ಲ. 1993ರಲ್ಲಿ ಹತ್ತು ವರ್ಷದ ಇಬ್ಬರು ಹುಡುಗರು ಜೇಮ್ಸ್ ಬಲ್ಜರ್ ಎಂಬ ಎರಡು ವರ್ಷದ ಕಂದನನ್ನು ಕೊಂದಿದ್ದರು. ಇಡೀ ದೇಶ ಅವರ ಮೇಲೆ ಕೆಂಡ ಕಾರುತ್ತಿತ್ತು. ಅವರು ಬಿಡುಗಡೆಯಾಗುವ ಹೊತ್ತಿಗೆ, 2001ರ ಜನವರಿಯಲ್ಲಿ, ಅವರ ಹೊಸ ಗುರುತನ್ನು ಪತ್ರಿಕೆಗಳು ಜೀವನಪರ್ಯಂತ ಬಯಲು ಮಾಡಬಾರದೆಂದು ಬಟ್ಲರ್-ಸ್ಲಾಸ್ ಆದೇಶಿಸಿದರು. ಗುರುತು ಸಿಕ್ಕರೆ ಜನ ಅವರನ್ನು ಕೊಂದೇಬಿಡುವ ಅಪಾಯ ನಿಜವಾಗಿತ್ತು. ಎಷ್ಟು ಘೋರ ತಪ್ಪು ಮಾಡಿದವರಾದರೂ ಶಿಕ್ಷೆ ಕೊಡುವುದು ನ್ಯಾಯಾಲಯ, ಗುಂಪಲ್ಲ ಎಂಬುದೇ ಅದರ ಹಿಂದಿನ ಮಾತು. ಕಂದನನ್ನು ಕಳೆದುಕೊಂಡ ಕುಟುಂಬಕ್ಕೆ ಇದು ನುಂಗಲಾರದ ತುತ್ತಾಯಿತು. ಆ ನೋವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು 1996ರದು. ಒಂದೂವರೆ ವರ್ಷದ ಮಗುವಿಗೆ ಯಕೃತ್ತಿನ ಕಸಿ ಮಾಡಿದರೆ ಬದುಕುತ್ತದೆ ಎಂದು ವೈದ್ಯರು ಹೇಳಿದರು. ಸ್ವತಃ ಆರೋಗ್ಯ ಸೇವೆಯಲ್ಲಿದ್ದ ತಂದೆ ತಾಯಿ, ಮಗುವಿಗೆ ಮತ್ತಷ್ಟು ನೋವು ಬೇಡವೆಂದರು. ವರ್ಷಗಟ್ಟಲೆ ಆರೈಕೆ ಮಾಡಬೇಕಾದವಳು ತಾಯಿ, ಅವಳ ಮನಸ್ಸಿಲ್ಲದೆ ಇದು ನಡೆಯುವುದಲ್ಲ ಎಂದು ಬಟ್ಲರ್-ಸ್ಲಾಸ್ ಅವರಿದ್ದ ಪೀಠ ತಾಯಿಯ ಪರ ನಿಂತಿತು. ಮಗುವಿಗೆ ದನಿ ಕೊಟ್ಟವರೇ ಇಲ್ಲಿ ಮಗುವಿನ ಜೀವಕ್ಕಿಂತ ತಾಯಿಯ ಮಾತಿಗೆ ಹೆಚ್ಚು ತೂಕ ಕೊಟ್ಟರೇ ಎಂದು ಕಾನೂನು ಪಂಡಿತರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

2002ರಲ್ಲಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ 43 ವರ್ಷದ ಮಹಿಳೆಯೊಬ್ಬರು ತಮ್ಮ ಉಸಿರಾಟದ ಯಂತ್ರವನ್ನು ನಿಲ್ಲಿಸಬೇಕೆಂದು ಕೋರಿದರು. ಅವರು ಹೇಳಿಕೆ ಕೊಟ್ಟದ್ದು ಆಸ್ಪತ್ರೆಯ ಹಾಸಿಗೆಯಿಂದಲೇ. ಬುದ್ಧಿ ಸ್ವಾಧೀನದಲ್ಲಿರುವ ವ್ಯಕ್ತಿ ಚಿಕಿತ್ಸೆ ಬೇಡವೆಂದರೆ ವೈದ್ಯರು ಅದನ್ನು ಒಪ್ಪಲೇಬೇಕು ಎಂಬುದು ಬಟ್ಲರ್-ಸ್ಲಾಸ್ ತೀರ್ಪು. ಜೀವದ ವಿಷಯದಲ್ಲಿ ನಮ್ಮ ನಂಬಿಕೆ ಬೇರೆ ಇರಬಹುದು. ಆದರೆ ಮಾತಾಡಲು ಕಷ್ಟಪಡುತ್ತಿದ್ದವರ ಮಾತನ್ನು ತಾಳ್ಮೆಯಿಂದ ಕೇಳಿದ ರೀತಿಯಲ್ಲಿ ಅದೇ ಹಳೆಯ ನ್ಯಾಯಾಧೀಶೆ ಕಾಣುತ್ತಾರೆ.

ಎರಡು ಸಲ ಬಿಟ್ಟುಕೊಟ್ಟ ಕುರ್ಚಿ

2005ರಲ್ಲಿ ನಿವೃತ್ತರಾದ ಅವರು 2006ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯ ಸದಸ್ಯರಾದರು. ಯಾವ ಪಕ್ಷಕ್ಕೂ ಸೇರದೆ ಕುಳಿತರು. ಮಾನವ ಸಾಗಾಟದ ವಿರುದ್ಧ ದುಡಿದರು. 2015ರ ಆಧುನಿಕ ಗುಲಾಮಗಿರಿ ಕಾಯ್ದೆ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೂವರಲ್ಲಿ ಅವರೂ ಒಬ್ಬರು. ಬ್ರಿಟನ್ನಿನ ಸಾರ್ವಜನಿಕ ಬದುಕಿನಲ್ಲಿ ಧರ್ಮಗಳ ಸ್ಥಾನದ ಬಗ್ಗೆ 2015ರಲ್ಲಿ ವರದಿ ಕೊಟ್ಟ ಆಯೋಗಕ್ಕೂ ಅವರೇ ಅಧ್ಯಕ್ಷರು.

ಈ ಅವಧಿಯಲ್ಲಿ ಎರಡು ದೊಡ್ಡ ಹೊಣೆಗಳು ಅವರ ಕೈಗೆ ಬಂದು ಹೋದವು. ರಾಜಕುಮಾರಿ ಡಯಾನಾ ಮತ್ತು ಡೋಡಿ ಫಯೆದ್ ಅವರ ಸಾವಿನ ವಿಚಾರಣೆ ನಡೆಸಲು 2006ರಲ್ಲಿ ಅವರನ್ನು ನೇಮಿಸಲಾಗಿತ್ತು. ಜ್ಯೂರಿಯ ಮುಂದೆಯೇ ವಿಚಾರಣೆ ನಡೆಯಬೇಕೆಂದು 2007ರಲ್ಲಿ ಹೈಕೋರ್ಟ್ ಹೇಳಿದಾಗ, ಜ್ಯೂರಿಯೊಂದಿಗೆ ಕೆಲಸ ಮಾಡಿದ ಅನುಭವ ತನಗಿಲ್ಲವೆಂದು ಹಿಂದೆ ಸರಿದರು. 2014ರ ಜುಲೈ 8ರಂದು, ಹಳೆಯ ಕಾಲದ ಮಕ್ಕಳ ಲೈಂಗಿಕ ದೌರ್ಜನ್ಯಗಳನ್ನು ಸಂಸ್ಥೆಗಳು ಮುಚ್ಚಿಹಾಕಿದವೇ ಎಂದು ತನಿಖೆ ಮಾಡುವ ಸಮಿತಿಗೆ ಅವರನ್ನು ನೇಮಿಸಿದರು. ಆ ಕಾಲದಲ್ಲಿ ಅಟಾರ್ನಿ ಜನರಲ್ ಆಗಿದ್ದವರು ಅವರ ಅಣ್ಣನೇ. ಅಣ್ಣನ ನಡೆಯನ್ನೂ ವಿಚಾರಿಸಬೇಕಾಗಿ ಬರಬಹುದಾದ ತನಿಖೆಗೆ ತಂಗಿ ಅಧ್ಯಕ್ಷೆಯಾಗುವುದು ಹೇಗೆ ಎಂದು ದೌರ್ಜನ್ಯಕ್ಕೆ ಒಳಗಾದವರು ಕೇಳಿದರು. ಒಂದೇ ವಾರದಲ್ಲಿ, ಜುಲೈ 14ರಂದು, ಅವರು ಆ ಹೊಣೆಯಿಂದ ಇಳಿದರು. ಈ ತೊಡಕನ್ನು ತಾನು ಮೊದಲೇ ಸಾಕಷ್ಟು ಯೋಚಿಸಬೇಕಿತ್ತು ಎಂಬುದನ್ನು ಒಪ್ಪಿಕೊಂಡರು.

ಅವರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿದ್ದವರು ಕಡಿಮೆ. ಆದರೆ ನೊಂದವರಿಗೆ ನಂಬಿಕೆ ಬರದಿದ್ದರೆ ಎಷ್ಟೇ ದೊಡ್ಡ ನ್ಯಾಯಾಧೀಶರಾದರೂ ಆ ಕುರ್ಚಿ ಅವರದಲ್ಲ. ನಮ್ಮ ಪಂಚಾಯಿತಿಗಳಲ್ಲಿ ಹುಡುಗನ ಚಿಕ್ಕಪ್ಪನೇ ನ್ಯಾಯ ಹೇಳಲು ಕೂರುತ್ತಾನಲ್ಲ, ಆಗ ಹುಡುಗಿಯ ತಾಯಿಗೆ ಏನನಿಸುತ್ತದೆ ಎಂದು ಯೋಚಿಸಿದ್ದೀರಾ?

ನಿಮ್ಮ ಕೈಯಲ್ಲಿರುವುದು

‘ಇದೆಲ್ಲಾ ಇಂಗ್ಲೆಂಡಿನ ಮಾತು, ನಮಗೇನು?’ ಎನ್ನಬೇಡಿ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮು, ಪಾಲಕರನ್ನು ನೇಮಿಸುವಾಗ ಮಗುವಿಗೆ ಅನ್ವಯಿಸುವ ವೈಯಕ್ತಿಕ ಕಾನೂನಿಗೆ ಅನುಸಾರವಾಗಿ ಮಗುವಿನ ಕ್ಷೇಮವನ್ನು ನೋಡಬೇಕೆನ್ನುತ್ತದೆ. ತಿಳಿದು ಹೇಳುವಷ್ಟು ವಯಸ್ಸಾದ ಮಗುವಾದರೆ ಅದರ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದೆಂದು ಅದೇ ಕಲಮು ಹೇಳುತ್ತದೆ. ಮಗುವಿನ ಮಾತಿಗೆ ಮನ್ನಣೆ ಕೊಡಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಂತೆ ಈ ನ್ಯಾಯಾಲಯಗಳ ನ್ಯಾಯಾಧೀಶರ ಆಯ್ಕೆಯಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕು. ಅಂದರೆ ಬಾಗಿಲು ನಮ್ಮಲ್ಲೂ ತೆರೆದೇ ಇದೆ.

ಆ ಬಾಗಿಲಿನಿಂದ ಒಳಗೆ ಹೋಗಲು ನಿಮ್ಮ ಹೆಣ್ಣುಮಕ್ಕಳನ್ನು ಸಿದ್ಧಪಡಿಸಿ. ಓದಿನಲ್ಲಿ ಆಸಕ್ತಿಯಿರುವ ಮಗಳು ಕಾನೂನು ಕಲಿಯುತ್ತೇನೆಂದರೆ ‘ಕೋರ್ಟು ಕಚೇರಿ ಹೆಣ್ಣಿಗೇಕೆ?’ ಎನ್ನಬೇಡಿ. ಇಂಗ್ಲೆಂಡಿನಲ್ಲಿ ಕುಟುಂಬ ಕಾನೂನಿನ ಬ್ಯಾರಿಸ್ಟರ್ ಆಗಿದ್ದ ರಾಫಿಯಾ ಅರ್ಶದ್ ಎಂಬ ಹಿಜಾಬ್‌ಧಾರಿ ಮಹಿಳೆ 2020ರಲ್ಲಿ ಉಪ ಜಿಲ್ಲಾ ನ್ಯಾಯಾಧೀಶರಾಗಿ ನೇಮಕಗೊಂಡರು. ಹಿಂದೆ ನ್ಯಾಯಾಲಯದಲ್ಲಿ ಕಂಡವರು ಅವರನ್ನು ವಕೀಲರೆಂದು ತಿಳಿಯದೆ ದುಭಾಷಿಯೆಂದು ಭಾವಿಸಿದ್ದೂ ಉಂಟು. ಮುರಿದ ಸಂಸಾರದ ನೋವನ್ನು ಹೇಳಿಕೊಳ್ಳಲು ಬರುವ ಹೆಣ್ಣಿಗೆ ಎದುರಿನ ಕುರ್ಚಿಯಲ್ಲಿ ತನ್ನ ಮಾತು ಅರ್ಥವಾಗುವ ಒಬ್ಬಳಿದ್ದರೆ ಅದೆಷ್ಟು ಧೈರ್ಯ!

ಎಲ್ಲರೂ ನ್ಯಾಯಾಧೀಶರಾಗಲು ಸಾಧ್ಯವಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲೂ ಒಂದಲ್ಲ ಒಂದು ದಿನ ತಾಯಿಯೋ ಅಜ್ಜಿಯೋ ಚಿಕ್ಕಮ್ಮನೋ ನ್ಯಾಯ ಹೇಳುವ ಜಾಗದಲ್ಲಿ ಕೂರಬೇಕಾಗುತ್ತದೆ. ಆ ದಿನ ಬಂದಾಗ ಇಷ್ಟು ಮಾಡಿ. ಮಗುವಿನ ಎದುರು ಅದರ ತಂದೆಯನ್ನಾಗಲಿ ತಾಯಿಯನ್ನಾಗಲಿ ಹೀಯಾಳಿಸಬೇಡಿ. ಒಬ್ಬರ ಗುಟ್ಟು ತಿಳಿಯಲು ಮಗುವನ್ನು ಗೂಢಚಾರನನ್ನಾಗಿ ಕಳಿಸಬೇಡಿ. ನಡೆಸಿಕೊಡಲಾಗದ ಮಾತನ್ನು ಕೊಡಬೇಡಿ. ಮಗು ತನಗೆ ಯಾರಿಂದಲೋ ತೊಂದರೆಯಾಗುತ್ತಿದೆ ಎಂದು ಅಂಜುತ್ತಾ ಹೇಳಿದರೆ, ಅದು ಎಷ್ಟೇ ಹತ್ತಿರದ ನೆಂಟನ ಮೇಲಿನ ದೂರಾದರೂ, ಬಾಯಿ ಮುಚ್ಚಿಸಬೇಡಿ. ಹಿರಿಯರು ಸೇರಿ ಕೂರುವ ಮೊದಲು ಆ ಮಗುವನ್ನು ಪಕ್ಕಕ್ಕೆ ಕರೆದು, ತಲೆ ಸವರಿ, ಅದು ಹೇಳುವುದನ್ನು ಕೊನೆಯವರೆಗೆ ಕೇಳಿ.